ಮೃದ್ಗಂಧ ಆಕಾಶ ನೋಡಿದ ದಿನ

ಕಸ್ತೂರಿ ಮೆಣಸಿನ ಗಿಡವೊಂದನ್ನು ಬುಡಸಮೇತ ಕಿತ್ತು ಅಕ್ಕನ ಕೈಗೆ ಕೊಟ್ಟಳು. ಕೀಳಲು ಬಲವೇನೂ ಬೇಕಾಗಲಿಲ್ಲ. ಬೇರು ಕಂದುಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಸುಲಿದು ಬರುತ್ತಿತ್ತು.

"ವಾಸನಿ ನೋಡ ಅಕ್ಕಾ," ಎಂದಳು.

ನೀಲಮ್ಮ ಬಣಕಾರ ಮೂಸಿ ನೋಡಿ ಮುಖ ಕಿವುಚಿದಳು. ನೀರು ಹೆಚ್ಚಾಗಿ ಬೇರು ಕೊಳೆತ ವಾಸನೆ. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟವಾಗಿತ್ತು. ಆದರೂ ಹೊಲದ ಮೂಲೆಯಲ್ಲಿದ್ದ ಪಂಪು ಗುಂಯ್‌ಗುಡುತ್ತ, ಸಾಲು ಸಾಲಿಗೂ ಹನಿ ನೀರು ಬಿಡುತ್ತಲೇ ಇತ್ತು.

"ಬಂದ್ ಮಾಡಬಾರದೇನ?"

"ಮಾಡ್ತೇನಿ. ಅತ್ತಾಗ ಹೋಗಿ ಬರೂದ್ರಾಗ ತಾನ ಮತ್ತ ಚಾಲೂ ಆಗಿರ್ತೇತಿ. ಉಪಗ್ರಹ 'ಹೊಲ ಒಣಗೇತಿ, ನೀರ ಬಿಡು' ಅಂತ ಹೇಳಾಕತ್ತೇತಿ. ಕಡಿಗೆ ನಿನ್ನೆ ವಾಯರ್ ಕಿತ್ತ ಒಗದೆ. ನಮ್ಮ ಹುಡುಗ ಗೊತ್ತಿಲ್ಲದ ಮತ್ತ ಜೋಡಿಸ್ಯಾನ."

ನೀಲಮ್ಮ ಫೋನಿನಲ್ಲಿ ನಕ್ಷೆ ತೆರೆದಳು. ಹಸಿ ಇರುವ ಹೊಲಗಳು ಅದರಲ್ಲಿ ಹಸಿರಾಗಿ, ಒಣಗಿದವು ಹುಲ್ಲಿನ ಬಣಬೆಯ ಬಣ್ಣದಲ್ಲಿ ಕಾಣುತ್ತಿದ್ದವು. ಕೆರೆಯ ಕೆಳಗಿರುವ, ಕಾಲಿಟ್ಟರೆ ಹುದುಗುವ ತಂಗಿಯ ಹೊಲ ಸುತ್ತಲಿನ ಎಲ್ಲ ಹೊಲಗಳಿಗಿಂತ ಒಣಗಿದೆ ಎಂದು ನಕ್ಷೆ ಹೇಳುತ್ತಿತ್ತು.

"ನಿನ್ನ ಮಾತ ಕೇಳಿ ನಾನೂ ಇದರ ಷೇರು ತಗೊಂಡೆ ಅಕ್ಕಾ. ನಮ್ಮ ಸಂಘದ ಹೆಣ್ಣಮಕ್ಕಳಿಗೆಲ್ಲಾ ತಗೋಸಿದೆ," ಎಂದಳು ಕಸ್ತೂರಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನೀಲಮ್ಮನಿಗೆ ಎಷ್ಟೋ ಹಗುರವೆನಿಸುತ್ತಿತ್ತು.

ಆ ಹೊತ್ತಿಗೆ ಉಪಗ್ರಹಗಳ ವ್ಯವಹಾರವೇ ಬದಲಾಗಿ ಕೆಲವು ವರ್ಷಗಳಾಗಿದ್ದವು. ದೊಡ್ಡ ಕಂಪನಿಗಳು ಎಂದಿನಂತೆ ಸಾಲು ಸಾಲಾಗಿ ಉಪಗ್ರಹ ಹಾರಿಸುತ್ತಿದ್ದವು. ಅವುಗಳ ಜೊತೆಗೆ ಸಣ್ಣವರಿಗಾಗಿ ಹೊಸದೊಂದು ಕಾಯಿದೆ ಬಂದಿತ್ತು. ಅದರ ಪ್ರಕಾರ ಒಂದೇ ಒಂದು ಉಪಗ್ರಹವೂ ಒಂದು ಕಂಪನಿಯಾಗಬಹುದು, ಅದರ ಷೇರನ್ನು ಯಾರು ಬೇಕಾದರೂ ಕೊಳ್ಳಬಹುದು. ದಿನದ ಕೆಲಸ ನೋಡಿಕೊಳ್ಳುವುದು ಎಂಜಿನಿಯರುಗಳು. ಆದರೆ ಉಪಗ್ರಹ ತನ್ನ ಮಾಮೂಲಿ ಕೆಲಸ ಬಿಟ್ಟು ಬೇರೇನಾದರೂ ಮಾಡಬೇಕೆಂದರೆ ಷೇರುದಾರರು ಮತ ಹಾಕಬೇಕು. ಹೀಗಾಗಿ ಮೀನುಗಾರರ ಉಪಗ್ರಹಗಳು ಬಂದವು, ಲಾರಿ ಮಾಲೀಕರ ಉಪಗ್ರಹಗಳು ಬಂದವು. ಬ್ಯಾಡಗಿಯ ಸುತ್ತಮುತ್ತಲಿನವರು ಹಣ ಹಾಕಿದ್ದು ಮೃದ್ಗಂಧ ಎಂಬ ಉಪಗ್ರಹಕ್ಕೆ. ಅಲ್ಲಿ ಮೆಣಸಿನಕಾಯಿ ದಾಸ್ತಾನಿಡುವ ಕೋಲ್ಡ್ ಸ್ಟೋರೇಜ್ ನಡೆಸುತ್ತಿದ್ದ ನೀಲಮ್ಮ ಮನೆ ಮನೆಗೆ ಹೋಗಿ ಜನರನ್ನು ಒಪ್ಪಿಸಿದ್ದಳು. ಊರಿನ ಷೇರುದಾರರ ಪ್ರತಿನಿಧಿಯಾಗಿ ಆಯ್ಕೆಯಾದವಳೂ ಅವಳೇ.

ಮೊದಲೆರಡು ಬೆಳೆಗಳಲ್ಲಿ ಮೃದ್ಗಂಧ ಬಹಳ ಚೆನ್ನಾಗಿ ಕೆಲಸ ಮಾಡಿತ್ತು. ಯಾವ ಹೊಲಕ್ಕೆ ಎಷ್ಟು ನೀರು ಬೇಕೆಂದು ಅದೇ ನೋಡಿ ಪಂಪಿಗೆ ಹೇಳುತ್ತಿತ್ತು. ನೀರು ಉಳಿಯಿತು, ಕಾಯಿಗೆ ಬಣ್ಣ ಬಂತು. ಈಗ ಮೂರನೆಯ ಬೆಳೆಯಲ್ಲಿ ಹೀಗೆ.

ನೀಲಮ್ಮ ಕೊಳೆತ ಗಿಡಗಳನ್ನೂ ಒಂದು ಹೆಂಟೆ ಹಸಿ ಮಣ್ಣನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಧಾರವಾಡದ ಬಸ್ಸು ಹತ್ತಿದಳು.

ಮೃದ್ಗಂಧದ ನಿಯಂತ್ರಣ ಕೊಠಡಿ ಹಿಂದೆ ಹೆಂಚಿನ ಗೋದಾಮಾಗಿದ್ದ ಕಟ್ಟಡದ ಮಹಡಿಯಲ್ಲಿತ್ತು. ಅಲ್ಲಿ ದತ್ತಾಂಶ ನೋಡಿಕೊಳ್ಳುತ್ತಿದ್ದವಳು ತಸ್ಲೀಮಾ ನದಾಫ್, ಸವಣೂರಿನ ಹುಡುಗಿ. ನೀಲಮ್ಮ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದಾಗ ಅವಳು ಹಿಂದೆ ಸರಿಯಲಿಲ್ಲ. ಮಣ್ಣನ್ನು ಕೈಗೆತ್ತಿಕೊಂಡು ಹಿಂಡಿದಳು. ಬೆರಳ ಸಂದಿಯಿಂದ ನೀರು ಜಿನುಗಿತು.

"ಇದು ಯಾವ ಹೊಲದ್ರಿ ಅಕ್ಕಾರ?"

ನೀಲಮ್ಮ ನಕ್ಷೆಯಲ್ಲಿ ತೋರಿಸಿದಳು. ತಸ್ಲೀಮಾಳ ಕಣ್ಣು ಅಗಲವಾಯಿತು. "ಅಲ್ರಿ, ಇದನ್ನ ನಾವು ಇಡೀ ತಾಲ್ಲೂಕಿನ್ಯಾಗ ಎಲ್ಲಾದಕ್ಕಿಂತ ಒಣ ಹೊಲ ಅಂತ ಬರದೇವಿ."

"ಅದನ್ನ ಕೇಳಾಕ ಬಂದೇನಿ. ಯಾಕಂತ?"

"ಗೊತ್ತಿಲ್ರಿ," ಎಂದಳು ತಸ್ಲೀಮಾ ನೇರವಾಗಿ. ಸಮಜಾಯಿಷಿ ಕೇಳಲು ಸಿದ್ಧಳಾಗಿ ಬಂದಿದ್ದ ನೀಲಮ್ಮನಿಗೆ ಆ ಉತ್ತರ ಹಿಡಿಸಿತು. ಕುರ್ಚಿ ಎಳೆದುಕೊಂಡು ಕೂತಳು. "ಅದು ಹಸಿ-ಒಣ ನೋಡೂದಾದ್ರೂ ಹೆಂಗ, ನನಗ ತಿಳಿಯೂ ಹಂಗ ಹೇಳವಾ."

ಮೃದ್ಗಂಧದಲ್ಲಿ ಕ್ಯಾಮೆರಾ ಇರಲಿಲ್ಲ. ಬಲೆಯಂತೆ ಹೆಣೆದ, ದೊಡ್ಡ ಕೊಡೆಯಾಕಾರದ ಆಂಟೆನಾ ಇತ್ತು. ಬೆಚ್ಚಗಿರುವ ಯಾವ ವಸ್ತುವಾದರೂ ತೀರ ಕ್ಷೀಣವಾದ ರೇಡಿಯೊ ಅಲೆಗಳನ್ನು ಹೊರಸೂಸುತ್ತದೆ. ಹೊಲದ ಮಣ್ಣೂ ಅಷ್ಟೇ. ಒಣ ಮಣ್ಣು ಹೆಚ್ಚು ಸೂಸುತ್ತದೆ, ಹಸಿ ಮಣ್ಣು ಕಡಿಮೆ. ಮೃದ್ಗಂಧ ತಾನಾಗಿ ಏನನ್ನೂ ಕಳಿಸದೆ ಆ ಪಿಸುಮಾತನ್ನು ಮಾತ್ರ ಕೇಳುತ್ತಿತ್ತು. ಅದು ಕೇಳುವ ಅಲೆಗಳ ಪಟ್ಟಿಯಲ್ಲಿ, ಅಂದರೆ ಆ ಬ್ಯಾಂಡಿನಲ್ಲಿ, ಬೇರೆ ಯಾರೂ ಮಾತಾಡಬಾರದೆಂದು ಎಲ್ಲ ದೇಶಗಳೂ ಒಪ್ಪಿಕೊಂಡಿದ್ದವು. ಒಂದು ಫೋನಿನ ದನಿಯೂ ಅದಕ್ಕೆ ಗುಡುಗಿನಷ್ಟು ಜೋರು.

"ಅಂದ್ರ ಯಾರೋ ನಡುವ ಬಾಯಿ ಹಾಕ್ಯಾರ," ಎಂದಳು ನೀಲಮ್ಮ.

"ಹಂಗ ಇರಬೇಕ್ರಿ. ಇಲ್ಲಂದ್ರ ನಮ್ಮ ಕಿವೀನ ಕೆಟ್ಟಿರಬೇಕು. ಆಂಟೆನಾ ಒಂಚೂರು ಜೋತ ಬಿದ್ರೂ ಹಿಂಗ ಆಗ್ತೇತಿ. ಹೊರಗಿನ ಗದ್ದಲೋ ಒಳಗಿನ ಕಾಯಿಲೆನೋ ಅಂತ ಮೊದಲ ತಿಳೀಬೇಕು." ಅವಳು ಮೇಜಿನ ಮೇಲಿದ್ದ ಮೆಣಸಿನ ಗಿಡವನ್ನು ತಿರುಗಿಸಿ ಬೇರು ಮೇಲೆ ಮಾಡಿ ಹಿಡಿದಳು. "ಒಂದು ದಾರಿ ಐತ್ರಿ. ಮೃದ್ಗಂಧನ್ನ ಹಿಂಗ ತಿರುವಿ ಹಾಕೂದು. ಅದು ಹುಟ್ಟಿದಾಗಿಂದ ಭೂಮಿ ನೋಡೇ ನಿಂತೇತಿ. ಒಂದಷ್ಟು ದಿನ ಆಕಾಶ ನೋಡ್ಲಿ. ಆ ಪಟ್ಟಿಯೊಳಗ ಆಕಾಶ ಅಂದ್ರ ಥಂಡಿ, ಬರೇ ಮೌನ. ಅಲ್ಲೂ ಅಷ್ಟ ಗದ್ದಲ ಕೇಳಿಸಿದ್ರ ನಮ್ಮ ಕಿವಿ ಕೆಟ್ಟೇತಿ. ಏನೂ ಕೇಳಿಸದಿದ್ರ ಗದ್ದಲ ಭೂಮಿ ಮ್ಯಾಲಿಂದು."

"ಮತ್ತ ಬ್ಯಾರೆ ಏನರ ಕೇಳಿಸಿದ್ರ?"

ತಸ್ಲೀಮಾ ನಕ್ಕಳು. "ಅದಕ್ಕ ನೋಡ್ರಿ, ನನಗ ಕುಂತಲ್ಲೆ ಕುಂದ್ರಾಕ ಆಗವಲ್ದು."

ಪಕ್ಕದ ಕೋಣೆಯಿಂದ ಬಂದ ಕಂಪನಿಯ ಮುಖ್ಯಸ್ಥ ಅನಂತ ಗಲಗಲಿಯವರಿಗೆ ಈ ಉತ್ಸಾಹವಿರಲಿಲ್ಲ. "ನೀಲಮ್ಮನವರ, ತಿರುವಿ ಹಾಕಿದ್ರ ಅಷ್ಟೂ ದಿನ ನಕ್ಷೆ ಬಂದ್ ಆಗ್ತದ. ವಿಮಾ ಕಂಪನಿಯವರು ನಮ್ಮ ನಕ್ಷೆ ನಂಬಿಕೊಂಡಾರ, ಒಪ್ಪಂದ ಮುರದ ಹೋಗ್ತದ. ಸೌರಫಲಕಕ್ಕ ಬಿಸಲು ಕಡಿಮಿ ಬೀಳ್ತದ. ಬ್ಯಾಟರಿ ತಡದ್ರ ಸರಿ. ತಡೀಲಿಲ್ಲಂದ್ರ ಅದು ಮತ್ತ ಮಾತಾಡೂದಿಲ್ಲ. ಇದಕ್ಕ ಷೇರುದಾರರ ಮತ ಬೇಕು."

"ಕೇಳೋಣಂತ," ಎಂದಳು ನೀಲಮ್ಮ.

ಮನೆಯಲ್ಲಿ ಗಂಡ ವಿರೂಪಾಕ್ಷಪ್ಪ ಊಟಕ್ಕೆ ಕೂತಿದ್ದ. ಅವನು ಮೆಣಸಿನಕಾಯಿ ವ್ಯಾಪಾರಿ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದೇ ಅವನ ಊಟ. ಹೆಂಡತಿಯ ಮಾತನ್ನೆಲ್ಲ ಕೇಳಿ, "ಒಂದು ಉಪಗ್ರಹ ಅಂದ್ರ ಒಂದ ಎತ್ತಿನ ಬಂಡಿ ಇದ್ದಂಗ. ನಾ ಹೇಳಿದ್ದಿಲ್ಲ? ನಮ್ಮ ಗಗನವಾಣಿ ನೋಡು," ಎಂದ.

ಗಗನವಾಣಿ ದೊಡ್ಡ ಕಂಪನಿ. ಮಾಮೂಲಿ ಫೋನಿನಿಂದಲೇ, ಟವರಿನ ಹಂಗಿಲ್ಲದೆ, ಎಲ್ಲಿ ನಿಂತರೂ ಮಾತಾಡುವಂತೆ ಮಾಡುವ ಉಪಗ್ರಹಗಳ ಸರಣಿಯನ್ನೇ ಅದು ಹಾರಿಸಿತ್ತು. ಆ ಮುಂಗಾರಿನಲ್ಲಿ ಈ ಕಡೆ ಸೇವೆ ಶುರುವಾದಾಗಿನಿಂದ ಅದರ ಷೇರು ಏರುತ್ತಲೇ ಇತ್ತು. ಎರಡನೆಯ ಕೋಲ್ಡ್ ಸ್ಟೋರೇಜ್ ಕಟ್ಟಲೆಂದು ಗಂಡ ಹೆಂಡತಿ ಕೂಡಿಟ್ಟ ಹಣವನ್ನೆಲ್ಲ ವಿರೂಪಾಕ್ಷಪ್ಪ ಅದರಲ್ಲಿ ಹಾಕಿದ್ದ. ಅವನ ಮಾತು ಕೇಳಿ ಪೇಟೆಯ ಅಡತಿ ಅಂಗಡಿಗಳ ದಲ್ಲಾಳಿಗಳೂ ಹಾಕಿದ್ದರು.

"ನಿಮ್ಮದು ಏರೂದು ನನಗೂ ಖುಷಿನ ರೀ," ಎಂದಳು ನೀಲಮ್ಮ. "ಆದ್ರ ನಮ್ಮದಕ್ಕ ಏನಾಗೇತಿ ಅಂತ ತಿಳೀಬೇಕಲ್ಲ."

ಸಭೆ ವ್ಯಾಪಾರಿಗಳ ಸಂಘದ ಸಭಾಭವನದಲ್ಲಿ ಸೇರಿತು. ಬೇರೆ ಊರುಗಳವರು ಪರದೆಯ ಮೇಲೆ ಕೂಡಿಕೊಂಡರು. ಗಲಗಲಿಯವರು ಆಗಬಹುದಾದ ನಷ್ಟವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ತಸ್ಲೀಮಾ ಪರೀಕ್ಷೆಯನ್ನು ವಿವರಿಸಿದಳು. ಬಳಿಕ ಬಹಳ ಹೊತ್ತು ಗದ್ದಲವಾಯಿತು.

"ಮಣ್ಣ ನೋಡಾಕ ರೊಕ್ಕ ಕೊಟ್ಟೇವಿ, ಮುಗಲ ನೋಡಾಕಲ್ಲ," ಎಂದು ಒಬ್ಬ ಎದ್ದು ನಿಂತ. ಅದು ಅನೇಕರ ಮನಸ್ಸಿನ ಮಾತಾಗಿತ್ತು.

ಆಗ ಕಸ್ತೂರಿ ಎದ್ದಳು. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದ್ದರಿಂದ ಮೈಕು ಬಾಯಿಗೆ ತೀರ ಹತ್ತಿರ ಹಿಡಿದಿದ್ದಳು. "ನಂದು ಬೆಳಿ ಹೋತು. ಅದು ತಿರುಗಿ ಬರೂದಿಲ್ಲ. ಆದ್ರ ಹೊಲದಾಗ ನಿಂತ್ರ ನನಗ ಒಂದ ಚಿಂತಿ. ನಾ ಕಾಲಿಂದ ಹಸಿ ಅಂತೇನಿ, ಅದು ಮ್ಯಾಲಿಂದ ಒಣ ಅಂತೇತಿ. ಇಬ್ಬರೊಳಗ ಒಬ್ಬರದ ಸುಳ್ಳು. ಸುಳ್ಳ ಎಲ್ಲಿಂದ ಹೊಂಟೇತಿ ಅಂತ ತಿಳೀದ ನಾ ಹೆಂಗ ಮತ್ತ ಬಿತ್ತಲಿ? ನನಗ ತಿಳೀಬೇಕ್ರಿ."

ಕೂತವರಲ್ಲಿ ಬೇರು ಕೊಳೆತು ಬೆಳೆ ಕಳೆದುಕೊಂಡವರು ಇನ್ನೂ ಕೆಲವರಿದ್ದರು. ಅವರು ಮೊದಲು ಕೈಯೆತ್ತಿದರು. ಫೋನಿನಲ್ಲಿ ಮತಗಳು ಬೀಳತೊಡಗಿದವು. ವಿರೂಪಾಕ್ಷಪ್ಪನ ಹೆಸರಿನಲ್ಲೂ ಮೃದ್ಗಂಧದ ಒಂದಿಷ್ಟು ಷೇರುಗಳಿದ್ದವು. ಅವನು 'ತಿರುಗಲಿ' ಎಂದು ಒತ್ತಿದ್ದನ್ನು ನೀಲಮ್ಮ ಓರೆಗಣ್ಣಿನಲ್ಲಿ ನೋಡಿದಳು. ಯಾಕೆಂದು ಕೇಳಿದಾಗ, "ನನಗೂ ನೋಡಬೇಕನಿಸ್ತು," ಎಂದಷ್ಟೇ ಹೇಳಿದ. ತುಸುವೇ ಅಂತರದಿಂದ ನಿರ್ಣಯ ಪಾಸಾಯಿತು.

ಷೇರುದಾರರ ಪರೀಕ್ಷೆ ನಡೆಯುವಾಗ ಅವರ ಪ್ರತಿನಿಧಿಯೊಬ್ಬರು ನಿಯಂತ್ರಣ ಕೊಠಡಿಯಲ್ಲಿ ಇರಬೇಕೆಂಬುದು ನಿಯಮ. ನೀಲಮ್ಮ ಬುತ್ತಿ ಕಟ್ಟಿಕೊಂಡು ಮತ್ತೆ ಧಾರವಾಡಕ್ಕೆ ಹೋದಳು.

ಉಪಗ್ರಹ ತಿರುಗುವುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಪರದೆಯ ಮೇಲೆ ಒಂದು ಸಂಖ್ಯೆ ನಿಧಾನವಾಗಿ ಬದಲಾಗುತ್ತಿತ್ತು, ಇನ್ನೊಂದು, ಬ್ಯಾಟರಿಯದು, ಇಳಿಯುತ್ತಿತ್ತು. ಗಲಗಲಿಯವರು ಬ್ಯಾಟರಿಯಿಂದ ಕಣ್ಣು ಕೀಳಲಿಲ್ಲ. ಮೃದ್ಗಂಧ ಭೂಮಿಯ ಆ ಬದಿಗೆ ಹೋದಾಗ ಎಲ್ಲ ಸಂಖ್ಯೆಗಳೂ ನಿಂತುಬಿಟ್ಟವು. ಚಹಾ ಬಂತು, ಯಾರೂ ಕುಡಿಯಲಿಲ್ಲ. ಮರಳಿ ಈ ಬದಿಗೆ ಬರಬೇಕಾದ ಸಮಯವಾದರೂ ಪರದೆ ಅಲುಗಲಿಲ್ಲ. ನೀಲಮ್ಮನಿಗೆ ತಾನು ಹಣ ಹಾಕಿಸಿದ ಮನೆಗಳ ಬಾಗಿಲುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಬಂತ್ರಿ!" ಎಂದು ತಸ್ಲೀಮಾ ಕೂಗಿದಳು.

ಕೇಳಿದ ಸದ್ದನ್ನು ಗೆರೆಯಾಗಿ ಬರೆಯುವ ಪರದೆ ಜೀವ ಪಡೆಯಿತು. ಗೆರೆ ಕೆಳಗಿಳಿಯಿತು, ಇನ್ನೂ ಇಳಿಯಿತು, ತಳ ಮುಟ್ಟಿ ನೇರವಾಗಿ ಹರಿಯತೊಡಗಿತು.

"ಇದು ಆಕಾಶ ಏನ?" ನೀಲಮ್ಮನ ದನಿ ತಾನಾಗಿ ಸಣ್ಣದಾಗಿತ್ತು.

"ಹೌದ್ರಿ. ಏನೂ ಇಲ್ಲದ ಆಕಾಶ. ಅಂದ್ರ ನಮ್ಮ ಕಿವಿ ನೆಟ್ಟಗ ಐತಿ."

ಅವಳು ಹಾಗೆನ್ನುತ್ತಿರುವಾಗಲೇ ಗೆರೆಯಲ್ಲೊಂದು ಮುಳ್ಳು ಎದ್ದಿತು. ತುಸು ಹೊತ್ತಿಗೆ ಇನ್ನೊಂದು. ಮತ್ತೆ ಇನ್ನೊಂದು. ಬೇಲಿಯ ಗೂಟಗಳಂತೆ ಸಮ ಅಂತರದಲ್ಲಿ ಏಳುತ್ತ ಹೋದವು. ಯಾವುದೋ ಸಾಲು ಮೃದ್ಗಂಧದ ನೆತ್ತಿಯ ಮೇಲೆ ಹಾದು ಹೋಗುತ್ತಿತ್ತು.

ತಸ್ಲೀಮಾ ಆ ಹೊತ್ತಿಗೆ ಮೇಲಿದ್ದ ಉಪಗ್ರಹಗಳ ಹಾದಿಗಳನ್ನು ತೆರೆದು ಹೊಂದಿಸಿ ನೋಡಿದಳು. ಒಂದು ಸಲ ನೋಡಿ, ನಂಬದೆ ಮತ್ತೆ ನೋಡಿದಳು. ಪ್ರತಿಯೊಂದು ಮುಳ್ಳಿಗೂ ಗಗನವಾಣಿಯ ಒಂದೊಂದು ಉಪಗ್ರಹ ಸರಿಯಾಗಿ ಕೂತಿತು.

"ಇವು ತಮ್ಮ ಪಟ್ಟಿಯೊಳಗ ಮಾತಾಡ್ತಾವ್ರಿ, ಆದ್ರ ಒಂದಿಷ್ಟು ಬದೀಗೆ ಸೋರಾಕತ್ತೇತಿ," ಎಂದಳು. ಥಟ್ಟನೆ ಮಾತು ನಿಲ್ಲಿಸಿ ಹಣೆ ಮುಟ್ಟಿಕೊಂಡಳು. "ಅಕ್ಕಾರ, ಈಗ ತಿಳೀತು ನೋಡ್ರಿ! ಹಸಿ ಮಣ್ಣು ತಾನು ಕಡಿಮಿ ಸೂಸ್ತೇತಿ, ಆದ್ರ ಕನ್ನಡಿ ಹಂಗ ಹೊಳೀತೇತಿ. ಮ್ಯಾಲಿಂದ ಸೋರಿದ ಗದ್ದಲಾ ಹಸಿ ಹೊಲಕ್ಕ ಬಡದು ವಾಪಸ್ ನಮ್ಮ ಕಿವಿಗೆ ಬರ್ತೇತಿ. ಹೊಲ ಹಸಿ ಇದ್ದಷ್ಟೂ ಗದ್ದಲ ಜಾಸ್ತಿ. ಗದ್ದಲ ಜಾಸ್ತಿ ಅಂದ್ರ ಮೃದ್ಗಂಧ 'ಒಣ' ಅಂತ ತಿಳೀತೇತಿ."

"ಮತ್ತ ನೀರ ಬಿಡಸ್ತೇತಿ," ಎಂದಳು ನೀಲಮ್ಮ.

"ಮತ್ತ ಹಸಿ ಆಗ್ತೇತಿ. ಅದಕ್ಕ ಕೆರಿ ಕೆಳಗಿನ ಹೊಲಾನ ಎಲ್ಲಾದಕ್ಕಿಂತ ಒಣ ಕಂಡದ್ದು."

ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ಮಕ್ಕಳಂತೆ ನಕ್ಕರು. ನಗು ನಿಲ್ಲುವ ಹೊತ್ತಿಗೆ ನೀಲಮ್ಮನಿಗೆ ಎರಡನೆಯ ಕೋಲ್ಡ್ ಸ್ಟೋರೇಜ್ ನೆನಪಾಯಿತು.

ಗಲಗಲಿಯವರು ಮೆತ್ತಗೆ ಹೇಳಿದರು: "ವರದಿ ನಾಳೆ ಮುಂಜಾನೆ ಷೇರುಪೇಟೆ ತೆರೆಯೂಕಿಂತ ಮೊದಲ ಎಲ್ಲಾರಿಗೂ ಒಮ್ಮೆಲೆ ಹೋಗ್ತದ. ಅಲ್ಲೀತನಕ ಇಲ್ಲಿದ್ದವರು ಯಾವ ಷೇರೂ ಮಾರೂ ಹಂಗಿಲ್ಲ, ಯಾರಿಗೂ ಹೇಳೂ ಹಂಗಿಲ್ಲ. ನಿಮಗ ಗೊತ್ತದ."

ಅವಳು ತಲೆಯಾಡಿಸಿದಳು. ಆ ದಿನದ ಷೇರುಪೇಟೆ ಇನ್ನೂ ತೆರೆದೇ ಇತ್ತು. ಬಸ್ ನಿಲ್ದಾಣಕ್ಕೆ ಬಂದಾಗ ಫೋನು ಬಡಿದುಕೊಂಡಿತು.

"ಏನ ಬಂತ ನೀಲಾ? ಕಂಡಿತೇನ ಏನರ?" ವಿರೂಪಾಕ್ಷಪ್ಪನ ದನಿಯಲ್ಲಿ ಬರೀ ಕುತೂಹಲವಿತ್ತು.

"ಕಂಡೇತಿ. ಮೃದ್ಗಂಧ ಆರಾಮ ಐತಿ. ಉಳದದ್ದು ನಾಳೆ ಎಲ್ಲಾರ ಜೋಡಿ ಕೇಳ್ರಿ."

"ನನ್ನ ಮುಂದನೂ ಹೇಳೂ ಹಂಗಿಲ್ಲೇನ?"

"ಇಲ್ರಿ."

ವ್ಯಾಪಾರದಲ್ಲಿ ಎದುರಿನವನ ಮೌನವನ್ನು ಅಳೆದೇ ಬಾಳಿದವನು ಅವನು. "ನೀಲಾ, ನಮ್ಮ ಗಗನವಾಣಿಗೆ ಸಂಬಂಧಪಟ್ಟದ್ದೇನ?" ಎಂದ.

"ಅದನ್ನ ಕೇಳಬ್ಯಾಡ್ರಿ," ಎಂದಳು. ಹಾಗೆ ಹೇಳುವುದೂ ಒಂದು ಉತ್ತರವೇ ಎಂದು ಆ ಕ್ಷಣ ಹೊಳೆದು ನಾಲಿಗೆ ಕಚ್ಚಿಕೊಂಡಳು. ಅವನು ಫೋನಿಟ್ಟ. ಬಸ್ಸಿನ ದಾರಿಯುದ್ದಕ್ಕೂ ಅವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಮನೆಗೆ ಬಂದಾಗ ಅವನು ಜಗಲಿಯ ಮೇಲೆ ಕೂತಿದ್ದ. ಫೋನು ಒಳಗೆ ಕಪಾಟಿನಲ್ಲಿತ್ತು. ಅವನ ಕೈಯಲ್ಲಿ ಫೋನಿಲ್ಲದ್ದನ್ನು ಅವಳು ಮದುವೆಯಾದ ಮೇಲೆ ಅಪರೂಪಕ್ಕೆ ನೋಡಿದ್ದಳು.

"ಮಾರಿಲ್ಲ," ಎಂದ. "ಪೇಟೆ ಬಂದ್ ಆತು. ಆಗ್ಲಿ ಅಂತನ ಫೋನ್ ಒಳಗಿಟ್ಟೆ."

ಅವಳು ಅವನ ಪಕ್ಕದಲ್ಲಿ ಕೂತಳು.

"ನಾ ಮಾರಿದ್ರ ಕೊಳ್ಳೂವ್ರು ಯಾರು? ನಮ್ಮ ಅಡತಿ ಮಂದೀನ. ಇಳದಾಗ ತಗೋರಿ ಅಂತ ನಾನ ಅವರಿಗೆ ಹೇಳಿಕೊಟ್ಟೇನಿ," ಎಂದ ವಿರೂಪಾಕ್ಷಪ್ಪ. ಆಮೇಲೆ, "ರೊಟ್ಟಿ ಬಡದಿಲ್ಲ. ಚುರಮರಿ ತರಸ್ಲೇನ?" ಎಂದು ಕೇಳಿದ.

ಮರುದಿನ ಗಗನವಾಣಿಯ ಷೇರು ಕುಸಿಯಿತು. ಕಂಪನಿ ತಪ್ಪು ತನ್ನದಲ್ಲವೆಂದಿತು, ಸಣ್ಣ ಉಪಗ್ರಹದ ಹಳೆಯ ಆಂಟೆನಾವನ್ನು ದೂರಿತು. ಪೇಟೆಯ ಜನ ಕೋಲ್ಡ್ ಸ್ಟೋರೇಜಿನ ಮುಂದೆ ಬಂದು ನೀಲಮ್ಮನ ಮೇಲೆ ಕೂಗಾಡಿದರು. ಊರಿನ ಹೆಣ್ಣುಮಗಳೇ ಊರಿನ ದುಡ್ಡು ಕಳೆದಳೆಂದು ಬೈದರು. ಅವಳು ಒಳಗೆ ಹೋಗಲಿಲ್ಲ. ಬಂದ ಪ್ರತಿಯೊಬ್ಬರಿಗೂ ಪಿಸುಮಾತು, ಸೋರಿಕೆ, ಕನ್ನಡಿ ಎಲ್ಲವನ್ನೂ ಮೊದಲಿನಿಂದ ವಿವರಿಸಿದಳು. ಕೆಲವರು ಕೇಳಿಸಿಕೊಂಡರು. ಕೆಲವರು ಇಂದಿಗೂ ಅವಳ ಬಳಿ ಮಾಲು ಇಡುವುದಿಲ್ಲ.

ಕೆಲವು ವಾರಗಳ ಬಳಿಕ ಬೇರೆ ದೇಶದ ಹವಾಮಾನ ವಿಜ್ಞಾನಿಗಳು ತಸ್ಲೀಮಾಳ ವರದಿ ಓದಿ, ತಮ್ಮ ಉಪಗ್ರಹವನ್ನೂ ಹಾಗೆಯೇ ತಿರುಗಿಸಿದರು. ಅದಕ್ಕೂ ಅದೇ ಬೇಲಿಗೂಟಗಳ ಸಾಲು ಕಂಡಿತು. ಆಮೇಲೆ ಗಗನವಾಣಿ ಒಪ್ಪಿಕೊಳ್ಳಬೇಕಾಯಿತು. ಹಾರಿಹೋದ ಉಪಗ್ರಹಕ್ಕೆ ಹೊಸ ಸೋಸುವ ಸಾಧನ ಅಳವಡಿಸಲು ಬರುವುದಿಲ್ಲ. ಅದಕ್ಕಾಗಿ ಒಂದು ಒಪ್ಪಂದವಾಯಿತು. ಕೇಳುವ ಉಪಗ್ರಹವೊಂದು ಯಾವ ಊರಿನ ಮೇಲೆ ಹಾದರೂ, ಅದು ದಾಟುವವರೆಗೆ ಅಲ್ಲಿ ಗಗನವಾಣಿ ಮಾತು ನಿಲ್ಲಿಸಬೇಕು. ಷೇರು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಎರಡನೆಯ ಕೋಲ್ಡ್ ಸ್ಟೋರೇಜಿನ ಜಾಗದಲ್ಲಿ ಈಗಲೂ ಜಾಲಿ ಬೆಳೆದಿದೆ. ಕಸ್ತೂರಿ ಹಿಂಗಾರಿಗೆ ಕಡಲೆ ಬಿತ್ತಿದಳು, ಪಂಪಿನ ವಾಯರನ್ನು ತಾನೇ ಜೋಡಿಸಿದಳು.

ಮೆಣಸಿನಕಾಯಿಯ ಸುಗ್ಗಿ ಬಂತು. ಮಾರುಕಟ್ಟೆ ಅಂಗಳದಲ್ಲಿ ಕೆಂಪು ರಾಶಿಗಳು ಬಿದ್ದವು, ಘಾಟಿಗೆ ಎಲ್ಲರೂ ಸೀನುತ್ತಿದ್ದರು. ಒಂದು ಮುಂಜಾನೆ ವಿರೂಪಾಕ್ಷಪ್ಪ ಗುಂಟೂರಿನ ವ್ಯಾಪಾರಿಯೊಂದಿಗೆ ಫೋನಿನಲ್ಲಿ ಜೋರಾಗಿ ದರ ಕುದುರಿಸುತ್ತಿದ್ದ. ಮಾತಿನ ನಡುವೆಯೇ ಫೋನು ಸತ್ತಂತಾಯಿತು. ಗಗನವಾಣಿಯನ್ನೇ ಹಾಕಿಸಿಕೊಂಡಿದ್ದ ಸುತ್ತಲಿನವರೂ ಒಬ್ಬೊಬ್ಬರಾಗಿ ಫೋನು ಕಿವಿಯಿಂದ ಇಳಿಸಿದರು. "ಮೃದ್ಗಂಧ ಹೊಂಟೇತಿ," ಎಂದು ಯಾರೋ ಹೇಳಿದರು. ಒಬ್ಬ ಬೀಡಿ ಹಚ್ಚಿದ, ಹಮಾಲರು ಚೀಲ ಇಳಿಸಿ ಬೆವರು ಒರೆಸಿಕೊಂಡರು. ಅಷ್ಟು ದೊಡ್ಡ ಅಂಗಳದಲ್ಲಿ ಗುಬ್ಬಿಗಳ ಸದ್ದು ಕೇಳಿಸಿತು.

ವಿರೂಪಾಕ್ಷಪ್ಪ ಮಾತ್ರ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ.

"ಬಂದ್ ಆಗೇತಲ್ಲ ರೀ, ಏನ ಕೇಳಾಕತ್ತೀರಿ?" ಎಂದಳು ಹರಾಜಿನ ಲಾಟು ರಾಶಿಗಳನ್ನು ನೋಡಲು ಬಂದಿದ್ದ ನೀಲಮ್ಮ.

ಅವನು ಸುಮ್ಮನಿರು ಎಂದು ಕೈ ತೋರಿಸಿದ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿಸಿಕೊಂಡ. ಬಳಿಕ ಫೋನನ್ನು ಅವಳ ಕಿವಿಗೆ ಹಿಡಿದು, "ನೋಡು, ಏನೂ ಇಲ್ಲ. ಎಷ್ಟು ಚಂದ ಐತಿ," ಎಂದ.

ಅವಳು ಕೇಳಿದಳು. ಅಷ್ಟರಲ್ಲಿ ಒಳಗಿನಿಂದ ಗುಂಟೂರಿನ ವ್ಯಾಪಾರಿ "ಹಲೋ, ಹಲೋ, ಬಣಕಾರಗಾರೂ!" ಎಂದು ಕೂಗತೊಡಗಿದ. ಅಂಗಳದ ತುಂಬ ಫೋನುಗಳು ಮತ್ತೆ ಕಿವಿಗೇರಿದವು.